ಗೋಲ್ ಕಾಯುವವನಿಗೆ ಕೊಟ್ಟ ಬಳೆ

ಕುರುಗೋಡಿನ ಸಂತೆಯಲ್ಲಿ ಒಬ್ಬ ಹೆಂಗಸು ನನ್ನ ಬಳೆ ಪೆಟ್ಟಿಗೆಯ ಮುಂದೆ ಕುಂತು, ಸೆರಗಿನ ಗಂಟು ಬಿಚ್ಚಿ ಹಸಿರು ಬಳೆ ಇಟ್ಟಳು. ನೋಡಿದರೆ ನಾನೇ ಮಾರುವ ಬಳೆ.

"ಇವು ನನ್ನ ಮಗನಿಗೆ ನೀನು ಕೊಟ್ಟವು" ಎಂದಳು.

ಹಿಂದಿನ ವಾರ ಬಳ್ಳಾರಿಯಲ್ಲಿ ನಮ್ಮ ಸಿರುಗುಪ್ಪದ ಹುಡುಗರು ಕುರುಗೋಡಿನವರನ್ನು ಫುಟ್‌ಬಾಲಿನಲ್ಲಿ ಸೋಲಿಸಿ ಕಪ್ ಗೆದ್ದಿದ್ದರು. ನನ್ನ ತಮ್ಮನೂ ಆಡಿದ್ದ. ಆ ಹುರುಪಿನಲ್ಲಿ ನಾನು ಕುರುಗೋಡಿನ ಗೋಲ್ ಕಾಯುವವನ ಮುಂದೆ ಬಳೆ ಹಿಡಿದು, "ತೊಟ್ಕೋಲೇ, ಚೆಂಡು ಹಿಡಿಯಾಕ ಬರದ ಕೈಗೆ ಇವು ಒಪ್ತಾವ" ಎಂದಿದ್ದೆ. ಮೈದಾನವೆಲ್ಲ ನಕ್ಕಿತ್ತು. ಅವನು ಇಸಿದುಕೊಂಡು ಹೋಗಿದ್ದ.

"ಅವ ಆಟ ಬಿಟ್ಟಾನ. ಬೂಟು ಯಾರಿಗೋ ಕೊಟ್ಟ. ಬಳಿ ಯಾಕ ಕೆಡಬೇಕು, ನನಗ ತೊಡಸವ್ವ" ಎಂದು ತಾಯಿ ಕೈ ಚಾಚಿದಳು.

ಅಳತೆ ಸಣ್ಣದು, ಬೇರೆ ಕೊಡುತ್ತೇನೆ ಎಂದೆ. "ಇವೇ ಇರಲಿ" ಎಂದಳು. ಎಣ್ಣೆ ಹಚ್ಚಿ ಒಂದೊಂದೇ ಏರಿಸಿದೆ. ಅವಳು ಹಲ್ಲು ಕಚ್ಚಿಕೊಂಡು ಕುಂತಿದ್ದಳು.

ಬಳೆ ತೊಟ್ಟ ಮೇಲೆ ತೊಡಿಸಿದವಳಿಗೆ ಕೈ ಮುಗಿಯುವುದು ನಮ್ಮ ಕಡೆ ರೂಢಿ. ಅವಳೂ ಮುಗಿದಳು. ತಪ್ಪಾಯಿತು ಎನ್ನಬೇಕಿತ್ತು, ಎನ್ನಲಿಲ್ಲ. ಇದಾಗಿ ನಲವತ್ತೈದು ವರ್ಷವಾಯಿತು. ಅವನು ಮತ್ತೆ ಚೆಂಡು ಮುಟ್ಟಲಿಲ್ಲವಂತೆ.