ಭಾಗಿಯ ಎಡಗೆನ್ನೆಗೆ ವಿಟಮಿನ್ ಸಿ

ಟಿಕ್. ಟಿಕ್. ಟಿಕ್.

ಮದುವೆಯಾಗಿ ಹೇರೂರಿಗೆ ಬಂದ ಮೊದಲ ಬೇಸಿಗೆಯಲ್ಲಿ ಕಿವಿಗೆ ಬಿದ್ದ ಸದ್ದು ಇದು. ಜಗಲಿಯಲ್ಲಿ ಹೆಂಗಸರೆಲ್ಲ ಕೂತು ಅಪ್ಪೆಮಿಡಿಯ ತೊಟ್ಟು ಮುರಿಯುತ್ತಿದ್ದರು. ಎಳೆ ಮಾವಿನಮಿಡಿ ಉಪ್ಪಿನಕಾಯಿಗೆ, ತೊಟ್ಟಿನಿಂದ ಚಿಮ್ಮುವ ಸೊನೆ ಬಾಟಲಿಗೆ. ಒಂದು ಹನಿ ಬಿದ್ದರೆ ಸಾಕು, ಬರೀ ಮಜ್ಜಿಗೆಗೂ ಹಬ್ಬದ ಪರಿಮಳ. ಅದೇ ಹನಿ ಚರ್ಮಕ್ಕೆ ತಾಗಿದರೆ? ಸುಟ್ಟು ಕಪ್ಪು ಕಲೆ.

ನಾನು ಕಾನ್ವೆಂಟ್‌ನಲ್ಲಿ ಓದಿದವಳು. ಬ್ಯಾಗಿನಲ್ಲಿ ಕೋಲ್ಡ್ ಕ್ರೀಮ್ ಇತ್ತು. ದೂರದಲ್ಲೇ ಕೂತೆ.

'ಇಂಗ್ಲಿಷ್ ಅತ್ತಿಗೆ ಮೋರೆ ಕರಗ್ತು, ಯಾರೂ ಸೊನೆ ಹಾರ್ಸಡಿ' ಎಂದಳು ನಾದಿನಿ ಭಾಗಿ. ಎಲ್ಲರೂ ನಕ್ಕರು. ಅತಿ ಜೋರಾಗಿ ನಕ್ಕವಳು ಅವಳ ಅಕ್ಕ, ಗೌರಕ್ಕ. ಗೌರಕ್ಕನನ್ನು ಯಲ್ಲಾಪುರಕ್ಕೆ ಕೊಟ್ಟಿತ್ತು. ಭಾಗಿಗೆ ಹೇರೂರಿನಲ್ಲೇ ನಾಲ್ಕು ಮನೆ ಆಚೆ ಮದುವೆ. ಮಿಡಿ ಕಾಲಕ್ಕೆ ಮಾತ್ರ ಅಕ್ಕ ತಪ್ಪದೆ ಬರುತ್ತಿದ್ದಳು. ಇಬ್ಬರೂ ಮೈಗೆ ಮೈ ತಾಗಿಸಿ ಕೂರುತ್ತಿದ್ದರು. ಗೌರಕ್ಕ ಮುರಿದ ತೊಟ್ಟಿನ ಸೊನೆ ಪ್ರತಿ ವರ್ಷ ಸೀದಾ ಭಾಗಿಯ ಎಡಗೆನ್ನೆಗೆ. ಹಳೆಯ ಕಲೆ ಮಾಸುವಷ್ಟರಲ್ಲಿ ಹೊಸದು. ಹೀಗೆ ಐವತ್ತು ಬೇಸಿಗೆ ಕಳೆದವು ಎಂದಿಟ್ಟುಕೊಳ್ಳಿ.

ಈಗ ಸೀರಮ್ ವಿಷಯಕ್ಕೆ ಬರೋಣ.

ಹೋದ ವರ್ಷ ನನಗೆ ನನ್ನ ಮುಖ ಬೇಜಾರಾಯಿತು. ಡಲ್! ಹಳೇ ಸ್ಟೀಲ್ ಲೋಟದ ಹಾಗೆ. (ಈ ವಯಸ್ಸಿಗೆ ಇದೆಲ್ಲ ಬೇಕಾ ಎನ್ನುತ್ತೀರಾ? ಬೇಕು. ಕನ್ನಡಿಯೇನು ಸೀನಿಯರ್ ಸಿಟಿಜನ್ ಎಂದು ರಿಯಾಯಿತಿ ಕೊಡುತ್ತದೆಯೇ?) ನಾನು ಟೀಚರಾಗಿದ್ದು ರಿಟೈರಾಗಿ ನೆಲೆಸಿದ ಶಿರಸಿಯ ಪೇಟೆಯಲ್ಲಿ ಮೆಡಿಕಲ್ ಶಾಪಿಗೆ ಹೋಗಿ ವಿಟಮಿನ್ ಸಿ ಸೀರಮ್ ಕೇಳಿದೆ. ಅಂಗಡಿಯವರು ಬನವಾಸಿ ಕಡೆಯವರು.

'ಬರ್ರಿ ಟೀಚರ್. ಯಾವ ಪರ್ಸೆಂಟ್ ಕೊಡ್ಲಿ? ಹತ್ತೈತಿ, ಹದಿನೈದೈತಿ, ಇಪ್ಪತ್ತೈತಿ.'

'ವ್ಯತ್ಯಾಸ ಏನು?'

'ಇಪ್ಪತ್ತು ಲಗೂನ ಬೆಳ್ಳಗ ಮಾಡ್ತೈತ್ರಿ.'

'ಬೆಳ್ಳಗೆ ಯಾರಿಗೆ ಬೇಕು? ನನಗೆ ಬ್ರೈಟ್ ಬೇಕು.'

'ಎರಡೂ ಒಂದ ಅಲ್ರೀ?'

ಅಲ್ಲ. ಒಂದೇ ಅಲ್ಲ ಎಂದು ಅವರಿಗೆ ಐದು ನಿಮಿಷ ಪಾಠ ಮಾಡಿದೆ. ಹಿಂದೆ ನಿಂತವರು ಕೆಮ್ಮಿದರು. ಕೊನೆಗೆ ಹತ್ತು ಪರ್ಸೆಂಟಿನದು ತಂದೆ. ಹಳೆಯ ಚರ್ಮಕ್ಕೆ ಇಪ್ಪತ್ತು ಉರಿಯಬಹುದು. ಕಂದು ಗಾಜಿನ ಬಾಟಲಿಯದನ್ನೇ ಕೊಳ್ಳಿ, ಬೆಳಕು ಬಿದ್ದರೆ ಸೀರಮ್ ಕೆಡುತ್ತದೆ. ಮೊದಲು ಮೊಣಕೈ ಒಳಗೆ ಒಂದು ಹನಿ ಹಚ್ಚಿ ಒಂದು ದಿನ ನೋಡಿ. ಆಮೇಲೆ ಬೆಳಿಗ್ಗೆ, ಮುಖ ತೊಳೆದು ಒರೆಸಿ, ಮೂರ್ನಾಲ್ಕು ಹನಿ. ಮೇಲೆ ಸನ್‌ಸ್ಕ್ರೀನ್. ಅದಿಲ್ಲದಿದ್ದರೆ ಸೀರಮ್ ಹಚ್ಚಿಯೂ ದಂಡ. ಬಣ್ಣ ಕಂದಾದರೆ ಎಸೆಯಿರಿ. (ದುಡ್ಡು ಕೊಟ್ಟದ್ದು ಎಂದು ಹಚ್ಚಬೇಡಿ. ನಮ್ಮ ಕಡೆ ಎಸೆಯುವುದು ಎಂದರೆ ಎಲ್ಲರಿಗೂ ಕಷ್ಟ, ಗೊತ್ತು.)

ಸೀರಮ್ ಇಟ್ಟದ್ದು ಫ್ರಿಜ್ಜಿನ ಬಾಗಿಲಲ್ಲಿ. ಪಕ್ಕದಲ್ಲೇ ಭಾಗಿ ಕಳಿಸಿದ ಸೊನೆಯ ಬಾಟಲಿ. ಅದೇ ಗಾತ್ರ. ತಲೆ ಕೆಟ್ಟು ಸೊನೆಯನ್ನು ಮುಖಕ್ಕೆ ಹಚ್ಚಿಕೊಳ್ಳಬಾರದಲ್ಲ? ಸೊನೆಗೆ ಕೆಂಪು ದಾರ ಕಟ್ಟಿಟ್ಟೆ.

ಆ ಹೊತ್ತಿಗೇ ಭಾಗಿ ಕಣ್ಣಿನ ಪೊರೆ ತೆಗೆಸಲು ಶಿರಸಿಗೆ ಬಂದಳು. ನಮ್ಮಲ್ಲೇ ಉಳಿದಳು. ಪಟ್ಟಿ ಬಿಚ್ಚಿದ ಮರುದಿನ ಬಚ್ಚಲ ಕನ್ನಡಿಯ ಎದುರಿನಿಂದ ಕೂಗಿದಳು.

'ಅತ್ತಿಗೇ! ಎನ್ನ ಮೋರೆ ಹಿಂಗಿದ್ದನೇ? ಎಂತಕ್ಕೆ ಯಾರೂ ಹೇಳಿದ್ವಿಲ್ಲೆ?'

ಪಾಪ, ವರ್ಷಗಟ್ಟಲೆ ಮಂಜಿನಲ್ಲಿ ನೋಡಿಕೊಂಡ ಮುಖ. ಈಗ ಹೈ ಡೆಫಿನಿಷನ್.

'ಈ ಕಲೆ ಹೋಗ್ತನೇ? ದೀಪಾವಳಿಗೆ ಗೌರಕ್ಕನ ಹತ್ರ ಹೋಗವು. ಒಂದ್ಸಲ ಆದ್ರೂ ಚಂದ ಕಾಣವು.'

ಗೌರಕ್ಕನಿಗೆ ಎರಡು ವರ್ಷದಿಂದ ಮರೆವು. ಮಗಳನ್ನೇ ಗುರುತು ಹಿಡಿಯದ ದಿನಗಳಿದ್ದವು. ಆದರೆ ಭಾಗಿ ಹೋದಾಗ ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದಳು. ಅದು ಭಾಗಿಯ ದೊಡ್ಡ ಹೆಮ್ಮೆ. 'ಎಲ್ಲರನ್ನೂ ಮರೆತ್ರೂ ಅಕ್ಕ ಎನ್ನ ಮರೆತಿದ್ದಿಲ್ಲೆ' ಎಂದು ಊರಿಗೆಲ್ಲ ಹೇಳಿಕೊಂಡಿದ್ದಳು.

ಡಾಕ್ಟರು ಒಂದು ತಿಂಗಳು ಕಣ್ಣಿನ ಹತ್ತಿರ ಏನೂ ತಾಗಿಸಬೇಡಿ ಎಂದಿದ್ದರು. ಕಾದೆವು. ಆ ವರ್ಷ ಮಿಡಿಗೆ ಕೂರುವುದೂ ಬಂದ್. ಆಮೇಲೆ ಅವಳಿಗೂ ಒಂದು ಬಾಟಲಿ ತರಿಸಿಕೊಟ್ಟೆ.

'ವಿಟಮಿನ್ ಸಿ ಅಂದ್ರೆ ನೆಲ್ಲಿಕಾಯಿ ಹುಳಿನೇ ಅಲ್ದನೇ? ತಂಬುಳಿ ಮಾಡಿ ಉಂಡ್ರೆ ಆಗ್ತಿಲ್ಯ?'

'ಉಣ್ಣೋದು ಹೊಟ್ಟೆಗೆ. ಇದು ಕೆನ್ನೆಗೆ. ಸುಮ್ಮನೆ ಹಚ್ಚು.'

ಹಚ್ಚಿದಳು. ನನಗಿಂತ ಶ್ರದ್ಧೆಯಿಂದ. ಸನ್‌ಸ್ಕ್ರೀನ್ ಬಳಿದುಕೊಂಡು ಹುಲೇಕಲ್ ಬಸ್ಸಿನಲ್ಲಿ ನೆಂಟರ ಮನೆಗೆ ಹೋದಾಗ, ಯಕ್ಷಗಾನಕ್ಕೆ ಹೊರಟದ್ದಾ ಎಂದು ಯಾರೋ ಕೇಳಿದರಂತೆ. 'ಹೌದು, ನಿಂಗ ಭಾಗವತಿಕೆ ಮಾಡಿ' ಎಂದಳಂತೆ.

ನನ್ನ ಮುಖ? ಹಾಗೇ ಇತ್ತು. ಸ್ವಲ್ಪ ತೊಳೆದ ಸ್ಟೀಲ್ ಲೋಟ. ಭಾಗಿಯ ಕೆನ್ನೆ ಮಾತ್ರ ದೀಪಾವಳಿಯ ಹೊತ್ತಿಗೆ ನಿಜಕ್ಕೂ ತಿಳಿಯಾಯಿತು. ಅರ್ಧ ಸೀರಮ್ ಕೆಲಸ, ಅರ್ಧ ಸೊನೆಗೆ ಸಿಕ್ಕ ರಜೆ. ಹುಡುಕಿದರೆ ಮಾತ್ರ ಕಾಣುವಷ್ಟು ಕಲೆ. ನಾನು ಕ್ರೆಡಿಟ್ ತೆಗೆದುಕೊಂಡೆ. ಇಬ್ಬರೂ ಯಲ್ಲಾಪುರದ ಬಸ್ ಹತ್ತಿದೆವು.

ಗೌರಕ್ಕ ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು. ಭಾಗಿ ಎದುರಿಗೆ ಬಗ್ಗಿ ನಿಂತಳು.

'ಬನ್ನಿ, ಕೂತ್ಕಳಿ. ನಿಂಗ ಯಾರ ಮನೆಯವ್ವು?'

'ಎಂತ ಗೌರಕ್ಕ, ಆನು ಭಾಗಿ.'

ಗೌರಕ್ಕ ಕೈ ಚಾಚಿ ಅವಳ ಎಡಗೆನ್ನೆ ಸವರಿದಳು. ಮುಖ ಹತ್ತಿರ ತಂದು ನೋಡಿದಳು. ಮತ್ತೆ ಸವರಿದಳು.

'ಇಲ್ಲೆ, ಇಲ್ಲೆ. ಭಾಗಿಗೆ ಇಲ್ಲಿ ಸೊನೆಕಲೆ ಇದ್ದು. ಆನೇ ಹಾರ್ಸಿದ್ದು.' ಆಮೇಲೆ ಬಹಳ ಮರ್ಯಾದೆಯಿಂದ, 'ನಿಂಗಳ ಮೋರೆ ರಾಶಿ ಚೊಲೋ ಇದ್ದು. ಎಂತ ಹಚ್ತಿ?'

ಯಾವ ಸೀರಮ್ ಕಂಪನಿಗೂ ಇಂಥ ಸರ್ಟಿಫಿಕೇಟ್ ಸಿಕ್ಕಿರಲಾರದು.

ಅವರು ಕೊಟ್ಟ ಚಹಾವನ್ನು ಭಾಗಿ ಕುಡಿದಳು. ಅಕ್ಕನಿಗೆ ಪರಿಚಯವಿಲ್ಲದವರ ಹಾಗೆ ನಮಸ್ಕಾರ ಮಾಡಿ ಹೊರಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡಿದಳು. ಮರೆವಿನ ಕಾಯಿಲೆಯೇ ಹಾಗೆ, ಇವತ್ತಲ್ಲದಿದ್ದರೆ ನಾಳೆ ಹೀಗಾಗುತ್ತಿತ್ತು ಎಂದೆ. ನಿಜವೇ. ಕಲೆ ಇದ್ದಿದ್ದರೂ ಮರೆಯುತ್ತಿದ್ದಳೋ ಏನೋ, ಯಾರು ಬಲ್ಲರು? ಭಾಗಿ ಶಿರಸಿಯಲ್ಲಿ ಇಳಿಯುವಾಗ ಪರ್ಸಿನಿಂದ ಬಾಟಲಿ ತೆಗೆದು ನನ್ನ ಕೈಗಿಟ್ಟಳು.

'ನೀನೇ ಹಚ್ಕ್ಯ ಅತ್ತಿಗೆ. ಎಂಗೆ ಸಾಕು.'

ಈ ವರ್ಷ ಮಿಡಿ ಕಾಲಕ್ಕೆ ಹೇರೂರಿಗೆ ಹೋಗಿದ್ದೆ. ಅದೇ ಜಗಲಿ. ಜನ ಕಡಿಮೆ, ಸದ್ದು ಅದೇ. ಟಿಕ್, ಟಿಕ್. ಭಾಗಿ ಮಿಡಿಯನ್ನು ಮುಖದ ಹತ್ತಿರ ಹಿಡಿದು, ಎಡಕ್ಕೆ ವಾಲಿ, ತೊಟ್ಟು ಮುರಿಯುತ್ತಿದ್ದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

'ಮುಖ ಆಚೆ ತಿರುಗಿಸೇ. ಸೊನೆ ಹಾರ್ತದೆ.'

'ಹಾರ್ಲಿ' ಎಂದಳು.

ಕನ್ನಡಕ ಮಾತ್ರ ಹಾಕಿಕೊಂಡಿದ್ದಳು. ಕಣ್ಣಿನ ಡಾಕ್ಟರಿಗೆ ಅಷ್ಟು ಮರ್ಯಾದೆ. ನಾನು ಜೀವಮಾನದಲ್ಲಿ ಮೊದಲ ಸಲ ಹತ್ತಿರ ಸರಿದು ಕೂತು ನಾಲ್ಕು ಮಿಡಿ ಮುರಿದೆ. ಕೈ ಕಪ್ಪಾಯಿತು. ಏನೂ ಕರಗಲಿಲ್ಲ.

ಮಳೆಗಾಲಕ್ಕೆ ಮುಂಚೆ ಮತ್ತೆ ಯಲ್ಲಾಪುರಕ್ಕೆ ಹೋದೆವು. ಗೌರಕ್ಕ ಈಗ ಹಾಸಿಗೆ ಹಿಡಿದಿದ್ದಳು. ಮಾತು ಬಹುತೇಕ ನಿಂತಿದೆ ಎಂದು ಮಗಳು ಮೊದಲೇ ಹೇಳಿದ್ದಳು. ಭಾಗಿ ತನ್ನ ಹೆಸರು ಹೇಳಲಿಲ್ಲ. ಮಂಚದ ಪಕ್ಕ ಕೂತು, ಅಕ್ಕನ ಕೈ ಎತ್ತಿ ಎಡಗೆನ್ನೆಗೆ ಇಟ್ಟುಕೊಂಡಳು.

ಬೆರಳು ನಿಧಾನ ಹರಿದಾಡಿತು. ಹೊಸ ಕಲೆ ಇನ್ನೂ ಒರಟಾಗಿತ್ತು. ಬೆರಳು ಅಲ್ಲಿ ನಿಂತಿತು.

'ಮತ್ತೂ ಸೊನೆ ಹಾರ್ಸ್ಕ್ಯಂಡ್ಯನೇ ಭಾಗಿ?' ಎಂದಳು ಗೌರಕ್ಕ. 'ದೂರ ಕೂತ್ಗ ಹೇಳಿದ್ನಿಲ್ಯ, ಮಳ್ಳು!'

ಬೈಸಿಕೊಂಡವಳ ಮುಖ ನೋಡಬೇಕಿತ್ತು ನೀವು.

ಗೌರಕ್ಕನನ್ನು ನಾನು ನೋಡಿದ್ದು ಅದೇ ಕೊನೆ. ಫ್ರಿಜ್ಜಿನ ಬಾಗಿಲಲ್ಲಿ ಈಗಲೂ ಎರಡು ಬಾಟಲಿಗಳಿವೆ, ಅಕ್ಕಪಕ್ಕ. ಬೆಳಿಗ್ಗೆ ಸೀರಮ್ಮಿಗೆ ಕೈ ಚಾಚಿದಾಗೆಲ್ಲ ಕೆಂಪು ದಾರದ್ದು ಕಣ್ಣಿಗೆ ಬೀಳುತ್ತದೆ.

ನೀವೇ ಹೇಳಿ, ಮುಖ ಬೆಳಗಿಸಿದ್ದು ಯಾವ ಬಾಟಲಿ?