ಹಿಂದಿಯಲ್ಲಿ ಸುಲಭವಾಗಿದ್ದ ಮಾತು

ರೆಟಿನಾ ತರಬೇತಿಗೆಂದು ಬಳ್ಳಾರಿಯಿಂದ ಬನಾರಸಿಗೆ ಬಂದಾಗ ನನಗೆ ಬರುತ್ತಿದ್ದದ್ದು ಸಿನಿಮಾ ನೋಡಿ ಕಲಿತ ಹಿಂದಿ. ಆಸ್ಪತ್ರೆಯಲ್ಲಿ ನಾನು ಗಟ್ಟಿಯಾಗಿ ಕಲಿತ ಮೊದಲ ವಾಕ್ಯ, "ನಹೀ ಆಯೇ ತೋ ಬಚ್ಚಾ ಅಂಧಾ ಹೋ ಜಾಯೇಗಾ." ಬರದೇ ಹೋದರೆ ಮಗು ಕುರುಡಾಗುತ್ತದೆ.

ಅದನ್ನು ಬಾಯಿಪಾಠ ಮಾಡಿಸಿದವರು ನನ್ನ ಮೇಲಿನ ಹಿರಿಯ ಡಾಕ್ಟರು. ದಿನ ತುಂಬದೆ ಹುಟ್ಟಿದ ಮಕ್ಕಳ ಕಣ್ಣಿನ ಪರದೆಯಲ್ಲಿ, ಅಂದರೆ ರೆಟಿನಾದಲ್ಲಿ, ರಕ್ತನಾಳಗಳು ಅರ್ಧ ಮಾತ್ರ ಬೆಳೆದಿರುತ್ತವೆ. ಕೆಲವು ಮಕ್ಕಳಲ್ಲಿ ಅವು ದಾರಿ ತಪ್ಪಿ ಬೆಳೆದು ಪರದೆಯನ್ನೇ ಎಳೆದು ಕಿತ್ತುಬಿಡುತ್ತವೆ. ಅದಕ್ಕೆ ಮೊದಲು ಕೆಲವೇ ದಿನ ಸಿಗುತ್ತದೆ. ಆಗ ಲೇಸರ್ ಕೊಟ್ಟರೆ ದೃಷ್ಟಿ ಉಳಿಯುತ್ತದೆ. "ಹೊರಗಿನಿಂದ ಕಣ್ಣು ಚೆಂದವೇ ಕಾಣುತ್ತದೆ, ತಾಯಂದಿರು ನಂಬುವುದಿಲ್ಲ," ಎನ್ನುತ್ತಿದ್ದರು ಅವರು. "ಆ ಪದವನ್ನೇ ಬಳಸು. ಅಳಲಿ, ಪರವಾಗಿಲ್ಲ." ನಾನು ಬಳಸುತ್ತಿದ್ದೆ. ಪರಭಾಷೆಯ ಪದ, ಬಾಯಿಗೆ ಭಾರವಾಗುತ್ತಿರಲಿಲ್ಲ. ತಾಯಂದಿರು ಅಳುತ್ತಿದ್ದರು, ಮತ್ತೆ ಬರುತ್ತಿದ್ದರು. ಬರದವರು ಯಾಕೆ ಬರಲಿಲ್ಲ ಎನ್ನುವುದೇ ನನ್ನ ಸಂಶೋಧನೆಯ ವಿಷಯವಾಗಿತ್ತು. ಅದಕ್ಕೊಂದು ಫಾರಂ ಇತ್ತು.

ಡಿಸೆಂಬರಿನಲ್ಲಿ ಊರೊಳಗಿನ ಶಿವಾಲ ಬಡಾವಣೆಯಿಂದ ಒಬ್ಬ ತಾಯಿ ಬಂದಳು. ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಮಗು, ತಿಂಗಳಾಗಿತ್ತು. ಗಂಡ, ದಕ್ಷಿಣದಿಂದ ಅಸ್ಥಿ ತರುವವರಿಗೆ ಕರ್ಮ ಮಾಡಿಸುವ ಪುರೋಹಿತ; ಕಾಶಿಯಲ್ಲೇ ಹುಟ್ಟಿ ಬೆಳೆದ ಕನ್ನಡ ಮನೆತನದವನು. ಆಕೆ ಮದುವೆಯಾಗಿ ಶಿವಮೊಗ್ಗದಿಂದ ಬಂದವಳು. ಚೀಟಿಯಲ್ಲಿದ್ದ ಹೆಸರು ನೋಡಿ, "ಕನ್ನಡದವರಾ?" ಅಂದೆ. ಆಕೆಯ ಕಣ್ಣಲ್ಲಿ ನೀರು ಬಂತು.

"ಅಯ್ಯೋ, ಎಷ್ಟು ದಿನ ಆಯ್ತು ಡಾಕ್ಟ್ರ ಬಾಯಲ್ಲಿ ಕನ್ನಡ ಕೇಳಿ! ಇಲ್ಲಿ ಏನ್ ಹೇಳಿದ್ರೂ ನಂಗೆ ಅರ್ಧ ಅರ್ಥ ಆಗಲ್ಲ."

ಮಗುವಿನ ತುಟಿಗೆ ಸಕ್ಕರೆ ನೀರು ಹಚ್ಚಿ, ರೆಪ್ಪೆ ಬಿಡಿಸಿ, ತಲೆಗೆ ಕಟ್ಟಿದ ದೀಪದಿಂದ ಒಳಗೆ ನೋಡಿದೆ. ನಾಳಗಳು ಅಂಚಿಗೆ ತಲುಪಿರಲಿಲ್ಲ. ರೋಗ ಇನ್ನೂ ಶುರುವಾಗಿರಲಿಲ್ಲ, ಆದರೆ ಎರಡು ವಾರಕ್ಕೆ ಮತ್ತೆ ನೋಡಲೇಬೇಕಿತ್ತು.

ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಹಿಂದಿಯ ವಾಕ್ಯವನ್ನು ಕನ್ನಡಕ್ಕೆ ತರಲು ಹೋದೆ. 'ಕುರುಡು' ಎನ್ನಲು ಆಗಲಿಲ್ಲ. ಅದರ ಬದಲು, "ಹೆದರಬೇಡಿ, ಈಗ ಏನೂ ಇಲ್ಲ. ಎರಡು ವಾರ ಬಿಟ್ಟು ಒಂದ್ಸಲ ತೋರಿಸಿ," ಅಂದೆ. ಆಕೆ ನಕ್ಕಳು. ಆ ನಗುವಿನಿಂದ ನನಗೂ ಇಡೀ ದಿನ ಹಗುರಾಗಿತ್ತು.

ಎರಡು ವಾರಕ್ಕೆ ಅವರು ಬರಲಿಲ್ಲ. ಫೋನ್ ಮಾಡಿದೆ, ಸ್ವಿಚ್ ಆಫ್ ಇತ್ತು. ಅದೇ ವಾರ ನನಗೆ ಮೊದಲ ಬಾರಿ ಆಪರೇಷನ್ ಮೈಕ್ರೋಸ್ಕೋಪಿನ ಮುಂದೆ ಕೂರಲು ಬಿಟ್ಟಿದ್ದರು. ತಲೆಯಲ್ಲಿ ಅದೇ ತುಂಬಿತ್ತು. ಎರಡನೇ ಸಲ ಫೋನ್ ಮಾಡಲಿಲ್ಲ.

ಅವರು ಬಂದದ್ದು ಫೆಬ್ರವರಿ ಮುಗಿಯುವಾಗ. ದೀಪ ಹಚ್ಚುವ ಮೊದಲೇ ನನಗೆ ಗೊತ್ತಾಯಿತು. ಎರಡು ಪಾಪೆಗಳ ಹಿಂದೆಯೂ ಹಾಲಿನಂಥ ಬಿಳುಪು; ಪರದೆ ಕಿತ್ತುಬಂದಿತ್ತು.

"ಮುಖ ನೋಡ್ತಾನೇ ಇಲ್ಲ," ಅಂದಳು ತಾಯಿ. "ಕರೆದ್ರೆ ಕೇಳುತ್ತೆ, ನೋಡಲ್ಲ."

ಆಗ ಹೇಳಿದೆ. ಕನ್ನಡದಲ್ಲೇ ಹೇಳಿದೆ. ಈಗ ಬೇರೆ ಪದ ಉಳಿದಿರಲಿಲ್ಲ.

ಆಕೆ ಅಳಲಿಲ್ಲ. ಗಂಡ ನಿಧಾನವಾಗಿ ಕೇಳಿದ: "ಆವತ್ತು ಏನೂ ಇಲ್ಲ ಅಂದಿದ್ರಲ್ಲ ನೀವು? ಹೊರಗೆ ಅಷ್ಟು ಠಂಡಿ, ಕೊಹರಾ, ಮಂಜಲ್ಲಿ ದಾರೀನೇ ಕಾಣ್ತಿರ್ಲಿಲ್ಲ. ಏನೂ ಇಲ್ಲ ಅಂದ್ಮೇಲೆ ಎಳೇ ಮಗೂನ ಯಾಕೆ ಆಚೆ ತರೋದು ಅಂತ ನಮ್ಮಮ್ಮ ಅಂದ್ರು. ಹೇಳಿದ್ದಿದ್ರೆ ನಾನು ಎದೆಗೆ ಕಟ್ಕೊಂಡು ನಡ್ಕೊಂಡೇ ಬರ್ತಿದ್ದೆ."

ಅವರು ಹೋದ ಮೇಲೆ ಫಾರಂ ತೆಗೆದೆ. ಬರದಿರಲು ಕಾರಣ? 'ಚಳಿ' ಎಂದು ಬರೆದೆ. ಅದು ಸುಳ್ಳಲ್ಲ. ನಾಲ್ಕು ದಿನ ತಡೆದು, ಹಿರಿಯ ಡಾಕ್ಟರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿ ಅಂತಲೂ ಇತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಫಾರಂ ತಿದ್ದು," ಅಂದರು, ಅಷ್ಟೇ. 'ಅಪಾಯವನ್ನು ವೈದ್ಯರು ತಿಳಿಸಿರಲಿಲ್ಲ' ಎಂದು ತಿದ್ದಿದೆ. ಸತ್ಯ ಬರೆದ ಸಮಾಧಾನವಾದರೂ ಸಿಗಬಹುದು ಅನ್ನಿಸಿತ್ತು. ಸಿಗಲಿಲ್ಲ.

ದಕ್ಷಿಣದ ದೊಡ್ಡ ಆಸ್ಪತ್ರೆಯೊಂದಕ್ಕೆ ಕಾಗದ ಬರೆದು ಕಳಿಸಿದೆವು. ಅಲ್ಲಿ ಒಂದು ಕಣ್ಣಿಗೆ ಆಪರೇಷನ್ ಮಾಡಿದರು. ಪರದೆ ಕೂರಲಿಲ್ಲ. ಇನ್ನೊಂದನ್ನು ಮುಟ್ಟಿ ಪ್ರಯೋಜನವಿಲ್ಲ ಅಂದರಂತೆ. ವಾಪಸು ಬಂದು ವರದಿ ತೋರಿಸಿದ ದಿನ ತಾಯಿ ನನ್ನೊಡನೆ ಹಿಂದಿಯಲ್ಲಿ ಮಾತಾಡಿದಳು. ತಪ್ಪು ತಪ್ಪಾದ, ತಡವರಿಸುವ ಹಿಂದಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೂ ಹಿಂದಿಯಲ್ಲೇ ಉತ್ತರ ಕೊಟ್ಟಳು.

ವರ್ಷ ತುಂಬಿದಾಗ ಸಂಶೋಧನೆಯ ನಿಯಮದಂತೆ ಪ್ರತಿ ಮನೆಗೂ ಫೋನ್ ಮಾಡಬೇಕಿತ್ತು. ಶಿವಾಲದ ನಂಬರನ್ನು ಪಟ್ಟಿಯ ಕೊನೆಗೆ ಸರಿಸುತ್ತಲೇ ಬಂದು, ಕೊನೆಗೊಂದು ಮಧ್ಯಾಹ್ನ ಮಾಡಿದೆ. ಗಂಡ ಎತ್ತಿಕೊಂಡ.

"ಮಗು ಹೇಗಿದೆ?"

"ಕೂತ್ಕೊಳ್ಳತ್ತೆ. ಆವಾಜ್ ಬಂದ ಕಡೆ ತಿರುಗತ್ತೆ. ಬರ್ಕೊಳ್ಳಿ."

"ತಾಯಿಯ ಹತ್ತಿರ ಒಂದು ನಿಮಿಷ..."

"ಅವಳು ಅಡುಗೆಮನೇಲಿದಾಳೆ," ಅಂದ.

ಆಕೆಯ ದನಿ ಫೋನಿನ ಪಕ್ಕದಲ್ಲೇ ಕೇಳುತ್ತಿತ್ತು. ಮಗುವಿನ ಕೈಗೆ ಏನನ್ನೋ ಹಿಡಿಸಿ, "ಇದು ಲೋಟ, ಪುಟ್ಟಿ. ಲೋಟ," ಎನ್ನುತ್ತಿದ್ದಳು. ನಾನು ಫಾರಂ ತುಂಬಿಸಿದೆ.