ಕಮಾಂಡಿನ ಕೆಳಗಿದ್ದ ಎಚ್ಚರಿಕೆ

ಪೂರ್ತಿ ಓದದೆ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಳ್ಳಕೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಲ್ಯಾಬಿನಲ್ಲಿ ಯಾರಾದರೂ ಕೈ ಎತ್ತಿದರೆ ನನ್ನ ಮೊದಲ ಮಾತು, ಹಾಳೆಯನ್ನು ಕೊನೆಯವರೆಗೆ ಓದಿದ್ದೀಯಾ ಎಂಬುದೇ. ಎತ್ತಿದ ಕೈ ಹಾಗೇ ಕೆಳಗಿಳಿಯುತ್ತಿತ್ತು. ನಾನು ಅದನ್ನು ಶಿಸ್ತು ಎಂದುಕೊಂಡಿದ್ದೆ. ಈಗ ಆ ಪ್ರಶ್ನೆ ಬಾಯಿಗೆ ಬಂದಾಗೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ನಮ್ಮ ಯಜಮಾನರದು ಬಟ್ಟೆ ಅಂಗಡಿ. ಅಂಗಡಿಗೆ ರೇಷ್ಮೆ ಸೀರೆ ನೇಯ್ದು ಕೊಡುವ ಗಂಡ ಹೆಂಡತಿ ಮೊಳಕಾಲ್ಮೂರಿನಲ್ಲಿದ್ದಾರೆ. ಇಬ್ಬರೂ ನನಗಿಂತ ಹಿರಿಯರು, ಅಣ್ಣ, ಅಕ್ಕ ಎಂದೇ ಕರೆಯುತ್ತೇನೆ. ಅವರು ಮಾತ್ರ ಎಷ್ಟು ಹೇಳಿದರೂ ಮೇಡಂ ಎನ್ನುವುದನ್ನು ಬಿಟ್ಟಿಲ್ಲ. ಮಗ್ಗಕ್ಕೆ ಕಂಪ್ಯೂಟರಿನಿಂದ ನಡೆಯುವ ಜಕಾರ್ಡ್, ಅಂದರೆ ನೇಯ್ಗೆಯಲ್ಲಿ ಚಿತ್ರ ಮೂಡಿಸುವ ಸಾಧನ, ಕೂರಿಸಿದ ಮೇಲೆ ಅಣ್ಣ ಸೀರೆಯ ಅಂಚಿನ ಚಿತ್ರಗಳನ್ನು ಕಂಪ್ಯೂಟರಿನಲ್ಲೇ ಬಿಡಿಸತೊಡಗಿದರು. ಆ ಚಿತ್ರವನ್ನು ಮಗ್ಗಕ್ಕೆ ಹೊಂದುವಂತೆ ಮಾಡಿಕೊಡುವ ಸಣ್ಣ ಪ್ರೋಗ್ರಾಂ ಒಂದನ್ನು ನಾನು ರಜೆಯಲ್ಲಿ ಬರೆದುಕೊಟ್ಟೆ. ಅದರಲ್ಲಿ ಮೌಸ್ ಹಿಡಿದು ಒತ್ತುವ ಗುಂಡಿಗಳಿಲ್ಲ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಬೇಕು. ಗುಂಡಿಗಳನ್ನು ಮಾಡುವಷ್ಟು ತಾಳ್ಮೆ ನನಗಿರಲಿಲ್ಲ. ಬದಲಿಗೆ, ಬಳಸುವುದು ಹೇಗೆಂದು ಒಂದು ಹಾಳೆ ತುಂಬ ಬರೆದು, ಲ್ಯಾಮಿನೇಷನ್ ಮಾಡಿಸಿ ಕೊಟ್ಟೆ. ಫೈಲ್ ಎನ್ನದೆ ಕಡತ ಎಂದಿದ್ದೆ, ಮಾಡಿ ಎನ್ನದೆ ಮಾಡತಕ್ಕದ್ದು ಎಂದಿದ್ದೆ. ಕಾಲೇಜಿನಲ್ಲಿ ನಾಲ್ಕು ಜನಕ್ಕೆ ತೋರಿಸಿ ಭೇಷ್ ಅನ್ನಿಸಿಕೊಂಡೂ ಆಗಿತ್ತು. ಅವರಲ್ಲಿ ಯಾರೂ ಅದನ್ನು ನೋಡಿಕೊಂಡು ಒಂದು ಕಮಾಂಡನ್ನೂ ಕೊಟ್ಟವರಲ್ಲ.

ಈಚೆಗೆ ಅಣ್ಣ ಒಂದು ಸೀತಾಫಲದ ಅಂಚು ಬಿಡಿಸಿದರು. ಅದು ಅಂಗಡಿಗಲ್ಲ, ಅಕ್ಕನಿಗೆ. ಮದುವೆಯಾಗಿ ಬಂದಾಗಿನಿಂದ ರೇಷ್ಮೆಯ ನಡುವೆಯೇ ಬದುಕಿದ ಅಕ್ಕ ತಮ್ಮ ಮಗ್ಗದ ಸೀರೆಯನ್ನು ಒಮ್ಮೆಯೂ ಉಟ್ಟವರಲ್ಲ. ನೇಯ್ದದ್ದೆಲ್ಲ ಮಡಿಕೆಯಾಗಿ ಅಂಗಡಿಗೆ ಹೋಗುತ್ತಿತ್ತು. ಈ ಸಲ ಒಂದು ನಿನಗೆ ಎಂದು ಅಣ್ಣ ಹಟ ಹಿಡಿದಿದ್ದರು. ಹಣ್ಣಿನ ಒಂದೊಂದು ಕಣ್ಣನ್ನೂ ಬಿಡಿಬಿಡಿಯಾಗಿ ತಿದ್ದುತ್ತಾ ಕೂರುತ್ತಾರೆ, ಊಟಕ್ಕೆ ಕರೆದರೂ ಏಳುವುದಿಲ್ಲ ಎಂದು ಅಕ್ಕ ಫೋನಿನಲ್ಲಿ ದೂರಿದ್ದರು. ದೂರಿಗಿಂತ ನಾಚಿಕೆಯೇ ಹೆಚ್ಚಿತ್ತು ಆ ದನಿಯಲ್ಲಿ.

ಸ್ವಲ್ಪ ದಿನದ ಮೇಲೆ ಅಕ್ಕನ ಫೋನ್ ಮತ್ತೆ ಬಂತು. ರವಿಕೆಗೆಂದು ಅದೇ ಅಂಚನ್ನು ಚಿಕ್ಕದು ಮಾಡಲು ಹೋಗಿದ್ದಾರೆ. ಚಿಕ್ಕದೇನೋ ಬಂತು, ಸೀರೆಯ ದೊಡ್ಡ ಅಂಚು ಎಲ್ಲಿ ಹುಡುಕಿದರೂ ಇಲ್ಲ. ಏನಾಗಿದೆಯೆಂದು ನನಗೆ ಕೂಡಲೇ ತಿಳಿಯಿತು. ಮೊದಲು ಒಂದು ಪ್ರತಿ ತೆಗೆದಿಡದೆ ಕಮಾಂಡ್ ಕೊಟ್ಟಿದ್ದಾರೆ, ಚಿಕ್ಕ ಚಿತ್ರ ದೊಡ್ಡದರ ಮೇಲೇ ಕೂತುಬಿಟ್ಟಿದೆ. ಅದನ್ನು ಮತ್ತೆ ದೊಡ್ಡದು ಮಾಡಿದರೆ ಹಣ್ಣಿನ ಕಣ್ಣುಗಳಿದ್ದ ಕಡೆ ಬರೀ ಕಲೆಗಳು ಬರುತ್ತವೆ. ನಾನು ಲ್ಯಾಬಿನ ದನಿಯಲ್ಲೇ ಕೇಳಿದೆ.

"ಹಾಳೇಲಿ ಬರ್ದಿದ್ದೀನಲ್ಲಕ್ಕ. ಕೊನೇತನಕ ಓದಿದ್ರಾ?"

"ಓದಿದ್ದು ನಾನೇ ಮೇಡಂ. ನಂದೇ ತಪ್ಪಾಗೈತೆ," ಎಂದರು ಅಕ್ಕ.

ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಭಾನುವಾರ ಬರುತ್ತೇನೆ ಎಂದು ಫೋನ್ ಇಟ್ಟೆ.

ಭಾನುವಾರ ಬಸ್ಸಿನಲ್ಲಿ ಕೂತು, ಅವರಿಗೆ ಹೇಳಬೇಕಾದ ಬುದ್ಧಿಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಬಿ.ಜಿ. ಕೆರೆ ದಾಟುವ ಹೊತ್ತಿಗೆ ಮಾತು ಸೊಗಸಾಗಿ ಕೂಡಿಬಂದಿತ್ತು. ಕಂಪ್ಯೂಟರ್ ಮನುಷ್ಯರ ಹಾಗಲ್ಲ, ಹೇಳಿದ್ದನ್ನು ಮಾಡಿಬಿಡುತ್ತದೆ, ಆದ್ದರಿಂದ ಮೊದಲು ಓದಿ ಆಮೇಲೆ ಮಾಡಬೇಕು. ನನ್ನ ಮಾತಿಗೆ ನಾನೇ ತಲೆದೂಗಿದೆ.

ಅಕ್ಕ ಟೀ ಕೊಟ್ಟರು, ಮುಖ ಕೊಡಲಿಲ್ಲ. ಏನು ನಡೆಯಿತೋ ಹಾಗೇ ಒಮ್ಮೆ ಮಾಡಿ ತೋರಿಸಿ ಎಂದೆ. ಅಣ್ಣ ಒಂದು ಹಳೆಯ ಅಂಚಿನ ಚಿತ್ರ ತೆಗೆದರು. ಅದೂ ಹೋಗಬಾರದೆಂದು ಅದರ ಪ್ರತಿಯನ್ನು ನನ್ನ ಪೆನ್‌ಡ್ರೈವಿಗೆ ಹಾಕಿಕೊಂಡೆ. ಅಣ್ಣ ಕೀಬೋರ್ಡಿನ ಮುಂದೆ ಕೂತರು. ಅಕ್ಕ ನನ್ನ ಹಾಳೆ ಹಿಡಿದು, ಕಂಪ್ಯೂಟರಿಗೆ ಬೆನ್ನು ಹಾಕಿ, ಬಾಗಿಲ ಬೆಳಕಿಗೆ ಕೂತರು. ಇದೇನು ಹೀಗೆ ಎಂದು ಕೇಳಿದೆ. ಅಣ್ಣ ಮೂಲೆಯಲ್ಲಿದ್ದ ಹಳೆಯ ಕಾರ್ಡ್ ಹೊಡೆಯುವ ಯಂತ್ರವನ್ನು ತೋರಿಸಿದರು. ಜಕಾರ್ಡಿಗೆ ರಟ್ಟಿನ ಕಾರ್ಡುಗಳು ಬೇಕಾಗಿದ್ದ ಕಾಲದಲ್ಲಿ ಬೀದಿಯ ಮಗ್ಗಗಳಿಗೆಲ್ಲ ಇವರಿಬ್ಬರೇ ತೂತು ಹೊಡೆದುಕೊಡುತ್ತಿದ್ದರಂತೆ. ಅಕ್ಕ ಅಂಚಿನ ಚಿತ್ರ ಬಿಡಿಸಿದ್ದ ಚೌಕುಳಿ ಹಾಳೆ ನೋಡಿಕೊಂಡು ಒತ್ತು, ಬಿಡು ಎಂದು ಓದುತ್ತಾ ಹೋಗುವುದು, ಅಣ್ಣನ ಕೈ ಕೇಳಿದ ಕೂಡಲೇ ಒತ್ತುತ್ತಾ ಹೋಗುವುದು. ಓದುವವರು ನಿಲ್ಲಿಸುವಂತಿಲ್ಲ, ಒತ್ತುವವರು ಹಾಳೆ ನೋಡುವಂತಿಲ್ಲ. ಕೈ ತಡೆದರೆ ಲೆಕ್ಕ ತಪ್ಪುತ್ತದೆ. ಅವರ ಸಂಸಾರವೇ ಹಾಗೆ ನಡೆದಿತ್ತು.

ಅಕ್ಕ ಓದತೊಡಗಿದರು. ಮೊದಲ ಸಾಲಿನಲ್ಲಿ ಚಿತ್ರ ಇರುವ ಜಾಗ. ಅಣ್ಣ ಪರದೆಯಲ್ಲಿ ಅಲ್ಲಿಗೆ ಹೋದರು. ಎರಡನೆಯ ಸಾಲಿನಲ್ಲಿ ಕಮಾಂಡ್. ಅಕ್ಕ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಅಣ್ಣನ ಬೆರಳು ಒಂದನ್ನೂ ತಪ್ಪದೆ ಟೈಪ್ ಮಾಡಿ ಎಂಟರ್ ಒತ್ತಿತು. ಆಮೇಲೆ ಅಕ್ಕ ಅದೇ ದನಿಯಲ್ಲಿ ಮುಂದಿನ ಸಾಲು ಓದಿದರು. ಗಮನಿಸಿ, ಮೇಲಿನ ಕಮಾಂಡ್ ನೀಡುವ ಮೊದಲು ಮೂಲ ಕಡತದ ಪ್ರತಿಯನ್ನು ತೆಗೆದಿರಿಸಿಕೊಳ್ಳತಕ್ಕದ್ದು.

ಅಣ್ಣನ ಕೈ ನಿಂತಿತು. ನಾನು ತಲೆ ತಗ್ಗಿಸಿದೆ. ಮೊದಲು ಮಾಡಬೇಕಾದದ್ದನ್ನು ಆಮೇಲೆ ಬರೆದು, ಅದಕ್ಕೆ ಗಮನಿಸಿ ಎಂಬ ಹಣೆಪಟ್ಟಿ ಬೇರೆ ಅಂಟಿಸಿದ್ದೆ. ಹಳೆಯದರ ಮೇಲೆ ಬರೆಯಲೇ ಎಂದು ಪ್ರೋಗ್ರಾಮೇ ಒಂದು ಮಾತು ಕೇಳಿದ್ದರೂ ಸಾಕಿತ್ತು, ಅದನ್ನೂ ಮಾಡಿರಲಿಲ್ಲ. ಎಲ್ಲ ಗೊತ್ತಿದ್ದವಳು ನಾನು, ತಪ್ಪು ಒಪ್ಪಿಕೊಂಡವರು ಅಕ್ಕ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಬುದ್ಧಿಮಾತು ನೆನಪಾಗಿ ಎದ್ದು ಹೋಗಿಬಿಡೋಣ ಅನ್ನಿಸುವಷ್ಟು ನಾಚಿಕೆಯಾಯಿತು.

ಅಣ್ಣ ತಮ್ಮ ಮನೆಮಾತಾದ ತೆಲುಗಿನಲ್ಲಿ ಅಕ್ಕನಿಗೆ ಮೆಲ್ಲಗೆ ಏನೋ ಸಮಾಧಾನ ಹೇಳಿದರು. ಅಕ್ಕ ಹಾಳೆಯಿಂದ ಕಣ್ಣೆತ್ತದೆ, ಆ ಸಾಲನ್ನು ಇನ್ನಷ್ಟು ಬೇಗ ಓದಿದ್ದರೆ ಆಗುತ್ತಿತ್ತೇನೋ ಎಂದರು. ಅದನ್ನು ಕೇಳಿಸಿಕೊಂಡು ಸುಮ್ಮನಿರಲು ಆಗಲಿಲ್ಲ.

"ಅಕ್ಕ, ನೀವು ಸರಿಯಾಗೇ ಓದಿದ್ದೀರಿ. ನಾನೇ ತಲೆಕೆಳಗು ಬರ್ದಿದ್ದೀನಿ. ಅಂಚು ಹೋಗಿದ್ದು ನನ್ನಿಂದ."

ಅಕ್ಕ ತಲೆಯಾಡಿಸಿದರು. ನಂಬಿದ್ದಕ್ಕೋ, ನನಗೆ ಬೇಸರವಾಗದಿರಲಿ ಎಂದೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಅಲ್ಲೇ ಕೂತು ಹೊಸದಾಗಿ ಬರೆದೆ. ಮೊದಲು ಚಿತ್ರದ ಫೈಲಿಗೆ ಇನ್ನೊಂದು ಕಾಪಿ ಮಾಡಿ, ಕಾಪಿ ಬಂದಿದೆಯೇ ನೋಡಿ, ಆಮೇಲೆ ಕಮಾಂಡ್. ಪ್ರತಿ ಸಾಲನ್ನೂ ಅಕ್ಕನಿಂದ ಓದಿಸಿದೆ. ಅವರ ನಾಲಿಗೆ ಎಡವಿದ ಕಡೆಯೆಲ್ಲ ಹೊಡೆದು ಹಾಕಿದೆ. ನನ್ನ ತಕ್ಕದ್ದುಗಳೆಲ್ಲ ಹೋದವು, ಹಾಳೆ ಅರ್ಧಕ್ಕಿಳಿಯಿತು. ಊರಿಗೆ ಬಂದು ಪ್ರೋಗ್ರಾಮನ್ನೂ ತಿದ್ದಿದೆ. ಈಗ ಅದು ಏನು ಟೈಪ್ ಮಾಡಿದರೂ ಹಳೆಯ ಚಿತ್ರವನ್ನು ಮುಟ್ಟುವುದಿಲ್ಲ.

ಅಣ್ಣ ಸೀತಾಫಲವನ್ನು ಮತ್ತೆ ಮೊದಲಿನಿಂದ ಬಿಡಿಸಿದರು. ಮೊದಲಿನ ಹಾಗೆ ಬಂದಿಲ್ಲ ಎಂದು ಅವರೇ ಹೇಳಿದರು, ಅಕ್ಕ ಇದೇ ಚೆನ್ನಾಗಿದೆ ಎಂದರು. ರವಿಕೆಯ ಅಂಚು ಮಾಡುವ ದಿನ ಹೊಸ ಹಾಳೆ ತೆಗೆದುಕೊಂಡು ನಾನೂ ಹೋದೆ. ಇಬ್ಬರೂ ಎಂದಿನಂತೆ ಬೆನ್ನಿಗೆ ಬೆನ್ನು ಹಾಕಿ ಕೂತರು. ಅಣ್ಣನ ಬೆರಳುಗಳು ಕೀಬೋರ್ಡಿನ ಮೇಲೆ ಸಿದ್ಧವಾಗಿದ್ದವು. ಅಕ್ಕ ದನಿ ತೆಗೆಯಲಿಲ್ಲ. ಸಾಲುಗಳ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಕೊನೆಯ ಸಾಲಿನವರೆಗೆ ಒಳಗೊಳಗೇ ಓದಿಕೊಂಡರು. ಹಾಳೆ ತಿರುಗಿಸಿ ಖಾಲಿಯಿದ್ದ ಹಿಂಬದಿಯನ್ನೂ ನೋಡಿದರು. ಮತ್ತೆ ಮೇಲಿನಿಂದ ಶುರು ಮಾಡಿದರು, ಆಗಲೂ ಮನಸ್ಸಿನಲ್ಲೇ.

ಈಗ ಹಾಗೆಲ್ಲ ಹೆದರಬೇಕಾಗಿಲ್ಲ, ಮೊದಲಿನಂತೆ ಒಂದೊಂದೇ ಸಾಲು ಓದುತ್ತಾ ಹೋಗಿ ಎಂದು ನಾನು ಬೇಡಿಕೊಳ್ಳುವ ಹಾಗೆ ಹೇಳಿದೆ.

"ಇರ್ಲಿ ಮೇಡಂ. ಕೊನೇತನಕ ಓದ್ಬೇಕು ಅಂತ ನೀವೇ ಹೇಳಿದ್ರಲ್ಲ," ಎಂದರು ಅಕ್ಕ. ಆ ಮಾತಿನಲ್ಲಿ ಕೊಂಕು ಇರಲಿಲ್ಲ.

ಅಣ್ಣ ಕೀಬೋರ್ಡಿನ ಮೇಲಿದ್ದ ಕೈಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಾ ಕೂತರು.